ತಣ್ಣೀರಿನ ಬೆನ್ನು ಹತ್ತಿ: ಮಿಷಿಗನ್ ಸರೋವರದಲ್ಲಿ ಟ್ರೋಲಿಂಗ್

ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವವರನ್ನು ನೀವು ನೋಡಿರುತ್ತೀರಿ. ಗಾಳ ಒಂದು ಕಡೆ ನಿಂತಿರುತ್ತದೆ, ಮೀನು ಅದನ್ನು ಹುಡುಕಿಕೊಂಡು ಬರಬೇಕು. ಟ್ರೋಲಿಂಗ್ ಎಂಬ ಪದ್ಧತಿಯಲ್ಲಿ ಇದು ತಿರುವುಮುರುವು. ದೋಣಿ ನಡಿಗೆಯ ವೇಗದಲ್ಲಿ ಸಾಗುತ್ತಲೇ ಇರುತ್ತದೆ. ಅದರ ಹಿಂದೆ, ನೀರಿನ ಬೇರೆ ಬೇರೆ ಆಳಗಳಲ್ಲಿ, ಗಾಳ ಕಟ್ಟಿದ ಹುಸಿಮೀನುಗಳು ತೇಲಾಡುತ್ತ ಬರುತ್ತವೆ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಎಳೆಯುವ ದೊಡ್ಡ ಬಲೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಬಲೆ ಎಂದರೆ ಸೋತು ದೋಣಿಯ ಪಕ್ಕಕ್ಕೆ ಬಂದ ಮೀನನ್ನು ಎತ್ತಿಕೊಳ್ಳುವ ಹಿಡಿಕೆಬಲೆ ಮಾತ್ರ.

ಈ ಪದ್ಧತಿಯನ್ನು ಕಲಿಯಲು ಅಮೆರಿಕದ ಮಿಷಿಗನ್ ಸರೋವರದಷ್ಟು ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ, ಅದರಲ್ಲೂ ಆಗಸ್ಟ್ ತಿಂಗಳಲ್ಲಿ. ಶಿಕಾಗೋ, ಮಿಲ್ವಾಕಿ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಮನೆಯ ಪಕ್ಕದ ನೀರು, ಆದರೆ ಹೆಚ್ಚಿನವರು ಅದನ್ನು ದಡದಿಂದ ನೋಡಿ ಬಂದಿರುತ್ತಾರೆ ಅಷ್ಟೆ. ಮೊದಲು ಅದರ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 494 ಕಿಲೋಮೀಟರ್ ಉದ್ದ, ಅತಿ ಅಗಲವಿರುವಲ್ಲಿ 190 ಕಿಲೋಮೀಟರ್. ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಸರಾಸರಿ ಆಳ 85 ಮೀಟರ್. ಅತ್ಯಂತ ಆಳದ ಜಾಗದಲ್ಲಿ 281 ಮೀಟರ್. ಇಷ್ಟು ದೊಡ್ಡ ನೀರಿನಲ್ಲಿ ಮೀನು ಎಲ್ಲಿದೆ ಎಂದು ಹುಡುಕುವುದು ಹೇಗೆ? ಇದೇ ಮೊದಲ ಪ್ರಶ್ನೆ, ನಿಜ ಹೇಳಬೇಕೆಂದರೆ ಇಡೀ ವಿದ್ಯೆಯ ಪ್ರಶ್ನೆಯೂ ಇದೇ.

ಉತ್ತರಕ್ಕೆ ಹೋಗುವ ಮುನ್ನ, ಇಲ್ಲಿ ಹಿಡಿಯುವ ಮೀನು ಯಾವುದು ಎಂದು ತಿಳಿಯಬೇಕು. ಎಲ್ಲರ ಕಣ್ಣು ಇರುವುದು ಚಿನೂಕ್ ಸಾಲ್ಮನ್ ಮೇಲೆ. ಊರಿನವರು ಅದನ್ನು 'ಕಿಂಗ್' ಎನ್ನುತ್ತಾರೆ. ಇದು ಈ ಸರೋವರದ ಮೂಲನಿವಾಸಿಯಲ್ಲ, ಪೆಸಿಫಿಕ್ ಸಾಗರದ ಮೀನು. ಇಲ್ಲಿಯ ಹಳೆಯ ಒಡೆಯ ಲೇಕ್ ಟ್ರೌಟ್. ನಯಾಗರಾ ಜಲಪಾತವನ್ನು ಬಳಸಿಕೊಂಡು ಹೋಗಲೆಂದು ತೋಡಿದ ವೆಲ್ಲಂಡ್ ಕಾಲುವೆಯು ಹಡಗುಗಳ ಜೊತೆಗೆ ಕೆಲವು ಪರಕೀಯ ಜೀವಿಗಳಿಗೂ ದಾರಿ ಮಾಡಿಕೊಟ್ಟಿತು. ಮೀನಿನ ಮೈಗೆ ಬಾಯಿ ಅಂಟಿಸಿ ರಕ್ತ ಹೀರುವ ಲ್ಯಾಂಪ್ರೆ 1936ರಲ್ಲಿ ಮಿಷಿಗನ್ ಸರೋವರದಲ್ಲಿ ಕಾಣಿಸಿತು. ಮೀನುಗಾರಿಕೆಯ ಒತ್ತಡದ ಜೊತೆಗೆ ಅದೂ ಸೇರಿ 1950ರ ದಶಕದ ಹೊತ್ತಿಗೆ ಲೇಕ್ ಟ್ರೌಟ್ ಇಲ್ಲವಾಯಿತು. 1949ರಲ್ಲಿ ಏಲ್‌ವೈಫ್ ಎಂಬ ಸಣ್ಣ ಬೆಳ್ಳಿಮೀನು ಬಂತು. ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ ಎನ್ನಬಹುದು. ತಿನ್ನುವ ದೊಡ್ಡ ಮೀನೇ ಇಲ್ಲದ ನೀರಿನಲ್ಲಿ ಅದು ಮಿತಿಮೀರಿ ಬೆಳೆಯಿತು. 1967ರ ಬೇಸಿಗೆಯಲ್ಲಿ ಕೋಟಿಗಟ್ಟಲೆ ಏಲ್‌ವೈಫ್ ಸತ್ತು ದಡಕ್ಕೆ ಬಿದ್ದು, ಶಿಕಾಗೋದವರೆಗಿನ ಕಡಲತೀರದಂಥ ತೀರಗಳೆಲ್ಲ ನಾರಿದವು.

ಇದಕ್ಕೆ ಮದ್ದು ಅಷ್ಟರಲ್ಲೇ ನೀರಿಗೆ ಬಿದ್ದಿತ್ತು. 1964ರಲ್ಲಿ ಮಿಷಿಗನ್ ರಾಜ್ಯದ ಮೀನು ವಿಭಾಗದ ಮುಖ್ಯಸ್ಥರಾದ ಹೋವರ್ಡ್ ಟ್ಯಾನರ್, ಆರೆಗಾನ್‌ನಿಂದ ಕೋಹೋ ಸಾಲ್ಮನ್ ಮೊಟ್ಟೆಗಳನ್ನು ತರಿಸಿ, ಮರಿ ಮಾಡಿಸಿ, 1966ರ ವಸಂತದಲ್ಲಿ ಪ್ಲ್ಯಾಟ್ ನದಿಗೂ ಬೇರ್ ಕ್ರೀಕ್ ಎಂಬ ಹೊಳೆಗೂ ಲಕ್ಷಗಟ್ಟಲೆ ಬಿಡಿಸಿದರು. ಮರುವರ್ಷ ಚಿನೂಕ್ ಮರಿಗಳನ್ನೂ ಬಿಡಲಾಯಿತು. ಬೇಡದ ಮೀನನ್ನು ಬೇಕಾದ ಮೀನಿಗೆ ಉಣ್ಣಿಸುವ ಈ ಉಪಾಯ ನಿರೀಕ್ಷೆ ಮೀರಿ ಫಲಿಸಿತು. ಪರಕೀಯ ಮೀನಿನ ಕಾಟಕ್ಕೆ ಇನ್ನೊಂದು ಪರಕೀಯ ಮೀನನ್ನೇ ತರುವುದು ಇವತ್ತಾಗಿದ್ದರೆ ಯಾರೂ ಸುಲಭವಾಗಿ ಒಪ್ಪುವ ಯೋಜನೆಯಲ್ಲ. ಆದರೂ ಇಂದು ಈ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯ ಹೊಳೆಗಳಲ್ಲೇ ಹುಟ್ಟಿದವು. 2021ರ ಆಗಸ್ಟ್‌ನಲ್ಲಿ ಲಡಿಂಗ್ಟನ್ ಬಳಿ ಸಿಕ್ಕ ಒಂದು ಚಿನೂಕ್ 47.86 ಪೌಂಡ್, ಅಂದರೆ ಸುಮಾರು 21.7 ಕಿಲೋ ತೂಗಿ ರಾಜ್ಯದ ದಾಖಲೆಯನ್ನು ಮುರಿಯಿತು. ನಿಮಗೆ ಸಿಗುವುದು ಅದರಲ್ಲಿ ಅರ್ಧದಷ್ಟಿದ್ದರೂ ಕೈ ಸೋಲುವುದು ಖಂಡಿತ.

ಈಗ ಉತ್ತರಕ್ಕೆ ಬರೋಣ. ಬೇಸಿಗೆಯಲ್ಲಿ ಆಳದ ಬಾವಿಗೆ ಇಳಿದು ಈಜಿದ್ದರೆ ಇದು ನಿಮಗೆ ಗೊತ್ತಿರುವ ಸಂಗತಿಯೇ. ಎದೆಯ ಮಟ್ಟದಲ್ಲಿ ನೀರು ಬೆಚ್ಚಗಿರುತ್ತದೆ. ಕಾಲು ಕೆಳಗೆ ಚಾಚಿದರೆ ಪಾದಕ್ಕೆ ತಟ್ಟನೆ ಚಳಿ ತಾಕುತ್ತದೆ. ಮಿಷಿಗನ್ ಸರೋವರದಲ್ಲಿ ನಡೆಯುವುದೂ ಇದೇ, ಅಳತೆ ಮಾತ್ರ ದೊಡ್ಡದು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವಸಂತದಲ್ಲಿ ಸರೋವರವೆಲ್ಲ ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿರುತ್ತದೆ. ಬಿಸಿಲು ಏರಿದಂತೆ ಮೇಲಿನ ನೀರು ಕಾದು ಹಗುರವಾಗಿ ಮೇಲೆಯೇ ಉಳಿಯುತ್ತದೆ. ಗಾಳಿ ಅದನ್ನು ಕಲಕುತ್ತದೆ, ಆದರೆ ತಳದ ತನಕ ಕಲಕುವ ಶಕ್ತಿ ಗಾಳಿಗಿಲ್ಲ. ಆಗಸ್ಟ್ ಹೊತ್ತಿಗೆ ಮೇಲೆ 20 ಡಿಗ್ರಿಯ ಆಸುಪಾಸಿನ ಒಂದು ಬೆಚ್ಚನೆಯ ಪದರ, ಕೆಳಗೆ ವರ್ಷವಿಡೀ ಕೊರೆಯುವ ನೀರು, ಇವೆರಡರ ನಡುವೆ ಕೆಲವೇ ಮೀಟರ್ ಅಂತರದಲ್ಲಿ ಉಷ್ಣತೆ ಸರಸರನೆ ಕುಸಿಯುವ ಒಂದು ತೆಳು ಪಟ್ಟಿ. ಆ ಪಟ್ಟಿಗೆ ಥರ್ಮೋಕ್ಲೈನ್ ಎಂದು ಹೆಸರು. ಸಾಮಾನ್ಯವಾಗಿ ಅದು 15ರಿಂದ 25 ಮೀಟರ್ ಆಳದಲ್ಲಿರುತ್ತದೆ, ಆದರೆ ಇಂದು ಇದ್ದಲ್ಲಿ ನಾಳೆ ಇರಬೇಕೆಂದಿಲ್ಲ.

ಮೀನಿಗೆ ನಮ್ಮಂತೆ ಮೈಯೊಳಗೆ ಒಲೆ ಇಲ್ಲ. ಸುತ್ತಲಿನ ನೀರಿನ ಉಷ್ಣತೆಯೇ ಅದರ ಮೈಯ ಉಷ್ಣತೆ. ಆದ್ದರಿಂದ ಪ್ರತಿಯೊಂದು ಜಾತಿಗೂ ತನಗೆ ಒಗ್ಗುವ ನೀರೊಂದಿದೆ. ಚಿನೂಕ್ ಬಯಸುವುದು ಸುಮಾರು 10ರಿಂದ 13 ಡಿಗ್ರಿಯ ನೀರನ್ನು. ಅಲ್ಲಿಯವರ ಲೆಕ್ಕದಲ್ಲಿ ಐವತ್ತರಿಂದ ಐವತ್ತೈದು ಫ್ಯಾರನ್‌ಹೀಟ್. ಮರುಜೀವ ಪಡೆಯುತ್ತಿರುವ ಲೇಕ್ ಟ್ರೌಟ್ ಇನ್ನೂ ತಣ್ಣಗಿನ ಆಳದಲ್ಲಿ, ಬಹಳ ಸಲ ತಳಕ್ಕೆ ಹತ್ತಿಕೊಂಡೇ ಇರುತ್ತದೆ. ಸ್ಟೀಲ್‌ಹೆಡ್ ಎಂಬ ಟ್ರೌಟ್ ಮಾತ್ರ ತುಸು ಬೆಚ್ಚಗಿನ ಮೇಲ್ನೀರನ್ನು ಸಹಿಸಿಕೊಳ್ಳುತ್ತದೆ. ಏಲ್‌ವೈಫ್‌ಗೂ ಬೆಚ್ಚನೆಯ ನೀರೇ ಇಷ್ಟ. ಹೀಗಾಗಿ ಥರ್ಮೋಕ್ಲೈನ್ ಎಂಬುದು ಊಟದ ಮನೆಯ ಹೊಸಿಲು: ಮೇಲೆ ಊಟ, ಕೆಳಗೆ ಉಣ್ಣುವವರು. ಚಿನೂಕ್ ತಣ್ಣೀರಿನಲ್ಲಿ ನಿಂತು ಮೇಲಕ್ಕೆ ನುಗ್ಗಿ ತಿಂದು ಮರಳುತ್ತದೆ. ನೀವು ಮೀನನ್ನು ಹುಡುಕಬೇಕಾಗಿಲ್ಲ, ಆ ಉಷ್ಣತೆಯ ನೀರನ್ನು ಹುಡುಕಿ. ಮೂರು ಆಯಾಮದ ಹುಡುಕಾಟ ಒಂದೇ ಆಯಾಮಕ್ಕೆ, ಆಳಕ್ಕೆ, ಇಳಿಯುತ್ತದೆ.

ಇದಕ್ಕೆ ಗಾಳಿಯ ಪಾಠವನ್ನೂ ಸೇರಿಸಿಕೊಳ್ಳಬೇಕು. ಎರಡು ಮೂರು ದಿನ ಬಿಡದೆ ಬಡಗಣ ಗಾಳಿ ಬೀಸಿತೆನ್ನಿ. ಭೂಮಿ ತಿರುಗುವ ಕಾರಣ, ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳುವ ಮೇಲ್ನೀರು ಗಾಳಿ ಸಾಗುವ ದಿಕ್ಕಿನ ಬಲಕ್ಕೆ ವಾಲುತ್ತದೆ. ತೆಂಕಣಕ್ಕೆ ಮುಖ ಮಾಡಿ ನಿಲ್ಲಿ. ನಿಮ್ಮ ಬಲಗೈ ಪಡುವಣಕ್ಕೆ ಇರುತ್ತದೆ. ಅಂದರೆ ಮೂಡಣ ದಡದ, ಎಂದರೆ ಮಿಷಿಗನ್ ರಾಜ್ಯದ ದಡದ, ಬೆಚ್ಚನೆಯ ನೀರು ನಡುಸರೋವರದ ಕಡೆಗೆ ಸರಿದು ಅದರ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಮಕ್ಕಳು ಹಾಯಾಗಿ ಆಡಿದ ದಂಡೆಯಲ್ಲಿ ಇಂದು ಕಾಲಿಡಲಾಗದು. ಸ್ನಾನಕ್ಕೆ ಬಂದವರು ಶಪಿಸುತ್ತಾರೆ, ಗಾಳದವರು ಹಿಗ್ಗುತ್ತಾರೆ, ಏಕೆಂದರೆ ಆಳದಲ್ಲಿದ್ದ ಕಿಂಗ್ ತಣ್ಣೀರಿನ ಜೊತೆಗೇ ದಡದ ಹತ್ತಿರಕ್ಕೆ ಬಂದಿರುತ್ತದೆ. ತೆಂಕಣ ಗಾಳಿ ಬೀಸಿದರೆ ಇದೇ ಆಟ ಎದುರು ದಡದಲ್ಲಿ, ವಿಸ್ಕಾನ್ಸಿನ್ ಕಡೆ ನಡೆಯುತ್ತದೆ. ದೋಣಿ ನೀರಿಗಿಳಿಸುವ ಮುನ್ನ ಹಿಂದಿನ ಮೂರು ದಿನ ಗಾಳಿ ಯಾವ ಕಡೆಯಿಂದ ಬೀಸಿತೆಂದು ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಬೇಕಾದ ನೀರು ಇಪ್ಪತ್ತು ಮೀಟರ್ ಆಳದಲ್ಲಿದೆ ಎಂದು ತಿಳಿಯಿತು. ಆದರೆ ಚಲಿಸುವ ದೋಣಿಯ ಹಿಂದೆ ಹಗುರವಾದ ಗಾಳವನ್ನು ಎಳೆದರೆ ಅದು ಮೇಲೆಯೇ ಬರುತ್ತದೆ. ಅದನ್ನು ಆಳಕ್ಕೆ ಇಳಿಸಿ ಅಲ್ಲೇ ಹಿಡಿದಿಡುವ ಸಾಧನ ಡೌನ್‌ರಿಗ್ಗರ್. ದೋಣಿಯ ಹಿಂಬದಿಗೆ ಬಿಗಿದ ಒಂದು ರಾಟೆ, ಅದರಲ್ಲಿ ಸುತ್ತಿದ ಉಕ್ಕಿನ ತಂತಿ, ತಂತಿಯ ತುದಿಗೆ ಐದಾರು ಕಿಲೋ ತೂಕದ ಸೀಸದ ಗುಂಡು, ಗುಂಡಿನ ಹತ್ತಿರ ಒಂದು ಸಣ್ಣ ಕ್ಲಿಪ್. ಇಷ್ಟೇ. ಇದನ್ನು ಹೂಡುವ ಕ್ರಮವನ್ನು ಒಮ್ಮೆ ನಿಧಾನವಾಗಿ ನೋಡೋಣ, ಏಕೆಂದರೆ ಉಳಿದುದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಹುಸಿಮೀನನ್ನು ದೋಣಿಯ ಪಕ್ಕದಲ್ಲೇ ನೀರಿಗೆ ಬಿಡಿ. ಅದು ಸರಿಯಾಗಿ ಹೊರಳುತ್ತಿದೆಯೇ, ಗಾಳಕ್ಕೆ ದಾರ ಸಿಕ್ಕಿಕೊಂಡಿದೆಯೇ, ಕಣ್ಣಾರೆ ನೋಡಿ. ಆಮೇಲೆ ರೀಲಿನಿಂದ ಐದಾರು ಮೀಟರ್ ದಾರ ಹಿಂದಕ್ಕೆ ಹೋಗಲು ಬಿಡಿ. ಈಗ ದಾರವನ್ನು ಗುಂಡಿನ ಕ್ಲಿಪ್‌ಗೆ ಸಿಕ್ಕಿಸಿ. ರೀಲಿನ ಮೇಲೆ ಹೆಬ್ಬೆರಳು ಹಗುರವಾಗಿ ಊರಿ, ಇನ್ನೊಂದು ಕೈಯಿಂದ ಗುಂಡನ್ನು ಮೆಲ್ಲಗೆ ಇಳಿಸಿ. ಗುಂಡಿನ ಜೊತೆಗೆ ದಾರವೂ ಇಳಿಯುತ್ತ ಹೋಗುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ಗಾಳದ ಕೋಲನ್ನು ಅದರ ಕೊಳವೆಯಲ್ಲಿ ನಿಲ್ಲಿಸಿ, ಸಡಿಲ ದಾರವನ್ನೆಲ್ಲ ಸುತ್ತಿ, ಕೋಲಿನ ತುದಿ ನೀರಿನ ಕಡೆಗೆ ಚೆನ್ನಾಗಿ ಬಾಗುವಂತೆ ಮಾಡಿ. ಈ ಬಾಗು ಮುಖ್ಯ. ಮೀನು ಕಚ್ಚಿ ಎಳೆದಾಗ ದಾರ ಕ್ಲಿಪ್‌ನಿಂದ ಕಳಚುತ್ತದೆ. ಬಾಗಿದ್ದ ಕೋಲು ಚಂಗನೆ ನೆಟ್ಟಗಾಗಿ ಸಡಿಲವನ್ನು ತಾನೇ ಎಳೆದುಕೊಳ್ಳುತ್ತದೆ. ಮರುಕ್ಷಣ ಮತ್ತೆ ಬಾಗುತ್ತದೆ, ಈ ಸಲ ಮೀನಿನ ಭಾರಕ್ಕೆ. ಗುಂಡು ಅಲ್ಲೇ ಉಳಿದಿರುವುದರಿಂದ ನಿಮ್ಮ ಕೈಗೆ ಬರುವುದು ಮೀನಿನ ಭಾರ ಮಾತ್ರ.

ಒಂದು ಎಚ್ಚರಿಕೆಯ ಮಾತು. ರಾಟೆಯ ಮೀಟರು ತೋರಿಸುವುದು ಬಿಟ್ಟ ತಂತಿಯ ಉದ್ದವನ್ನು, ಗುಂಡಿನ ಆಳವನ್ನಲ್ಲ. ದೋಣಿ ಮುಂದೆ ಸಾಗುವುದರಿಂದ ತಂತಿ ಹಿಂದಕ್ಕೆ ವಾಲುತ್ತದೆ. ಮೀಟರು 30 ಎಂದರೆ ಗುಂಡು ಅದಕ್ಕಿಂತ ಮೇಲೆ ಇರುತ್ತದೆ. ಆಳ ಹೆಚ್ಚಿದಷ್ಟೂ, ವೇಗ ಹೆಚ್ಚಿದಷ್ಟೂ ಈ ವ್ಯತ್ಯಾಸ ಹೆಚ್ಚು.

ಡೌನ್‌ರಿಗ್ಗರ್ ಒಂದನ್ನು ಚೆನ್ನಾಗಿ ಕಲಿತ ಮೇಲೆ ಉಳಿದ ಉಪಾಯಗಳು ತಾವಾಗಿ ಅರ್ಥವಾಗುತ್ತವೆ. ನೀರಿನ ಒತ್ತಡದಿಂದಲೇ ಕೆಳಕ್ಕೂ ಪಕ್ಕಕ್ಕೂ ಜಾರುವ ಡೈವರ್ ಎಂಬ ಪ್ಲಾಸ್ಟಿಕ್ ಬಿಲ್ಲೆ ಇದೆ. ನಡುವೆ ಸೀಸದ ಎಳೆಯಿರುವ ದಾರವೂ ಇದೆ. ಹತ್ತು ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುತ್ತದೆ, ಒಂದೊಂದು ಬಣ್ಣ ಬಿಟ್ಟಾಗಲೂ ಗಾಳ ಸುಮಾರು ಒಂದೂವರೆ ಮೀಟರ್ ಕೆಳಗಿಳಿಯುತ್ತದೆ. ಮಿಷಿಗನ್‌ನಲ್ಲಿ ಒಬ್ಬರಿಗೆ ಮೂರು ಕೋಲಿನ ತನಕ ಅವಕಾಶವಿದೆ. ಹೊಸಬರಿಗೆ ದೋಣಿಯಲ್ಲಿ ಒಟ್ಟು ನಾಲ್ಕು ಸಾಕು. ದಾರ ದಾರಕ್ಕೆ ಸುತ್ತಿಕೊಂಡರೆ ಬಿಡಿಸುವುದರಲ್ಲೇ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ಇನ್ನು ವೇಗ. ಚಿನೂಕ್‌ಗೆ ಗಂಟೆಗೆ ಸುಮಾರು 3.5ರಿಂದ 4.5 ಕಿಲೋಮೀಟರ್ ವೇಗದಿಂದ ಶುರುಮಾಡಿ. ಲೇಕ್ ಟ್ರೌಟ್ ಬೇಕಿದ್ದರೆ ಅದಕ್ಕೂ ನಿಧಾನ. ಇಲ್ಲೊಂದು ಸೂಕ್ಷ್ಮವಿದೆ. ದೋಣಿಯ ಜಿಪಿಎಸ್ ಹೇಳುವುದು ಮೇಲಿನ ವೇಗ. ಇಪ್ಪತ್ತು ಮೀಟರ್ ಕೆಳಗೆ ನೀರಿನ ಹರಿವು ಬೇರೆ ದಿಕ್ಕಿನಲ್ಲಿರಬಹುದು. ಬಡಗಣಕ್ಕೆ ಹೋಗುವಾಗ ಮೂರು ಮೀನು ಕಚ್ಚಿ, ತಿರುಗಿ ತೆಂಕಣಕ್ಕೆ ಬರುವಾಗ ಒಂದೂ ಕಚ್ಚದಿದ್ದರೆ, ಮೀನು ಮಾಯವಾಯಿತೆಂದು ತಿಳಿಯಬೇಡಿ. ಮೇಲಿನ ವೇಗ ಅದೇ ಇದ್ದರೂ ಕೆಳಗೆ ನಿಮ್ಮ ಗಾಳದ ವೇಗ ಬದಲಾಗಿರುತ್ತದೆ. ನೇರಗೆರೆಯಲ್ಲಿ ಸಾಗದೆ ಆಗಾಗ ಹಾವಿನ ನಡೆಯಲ್ಲಿ ತಿರುಗಿಸಿ. ತಿರುವಿನಲ್ಲಿ ಹೊರಮೈಯ ಗಾಳ ಜೋರಾಗಿ ಓಡುತ್ತದೆ, ಒಳಮೈಯದು ನಿಧಾನವಾಗಿ ಇಳಿಯುತ್ತದೆ. ಕಚ್ಚಿದ್ದು ಯಾವ ಬದಿಯ ಕೋಲಿಗೆ ಎಂಬುದರಿಂದ ವೇಗ ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ಮೀನೇ ಹೇಳಿಕೊಡುತ್ತದೆ. ಗುಂಡಿನ ಬಳಿ ಕಟ್ಟಿ, ಅಲ್ಲಿಯ ವೇಗವನ್ನೂ ಉಷ್ಣತೆಯನ್ನೂ ಮೇಲಕ್ಕೆ ತಿಳಿಸುವ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಹೊಸಬರು ಬಣ್ಣಬಣ್ಣದ ಹುಸಿಮೀನುಗಳಿಗೆ ದುಡ್ಡು ಸುರಿಯುತ್ತಾರೆ. ನಾನಾದರೆ ಆ ದುಡ್ಡನ್ನು ಈ ಥರ್ಮಾಮೀಟರಿಗೆ ಹಾಕುತ್ತೇನೆ.

ಹುಸಿಮೀನಿನ ವಿಷಯ ಬಂದಾಗ ಎರಡು ಬಗೆ ತಿಳಿದಿದ್ದರೆ ಸದ್ಯಕ್ಕೆ ಸಾಕು. ಒಂದು ಸ್ಪೂನ್, ಬಾಗಿದ ತೆಳು ಲೋಹದ ತಗಡು. ಗಾಯಗೊಂಡ ಏಲ್‌ವೈಫ್‌ನಂತೆ ಹೊಯ್ದಾಡುತ್ತದೆ. ಇನ್ನೊಂದು ಜೋಡಿ: ಮುಂದೆ ಗರಗರ ತಿರುಗುವ ಫ್ಲ್ಯಾಷರ್ ಎಂಬ ಅಗಲ ಹಲಗೆ, ಅದರ ಹಿಂದೆ ಅರ್ಧ ಮೀಟರಿನ ಆಸುಪಾಸಿನಲ್ಲಿ ಮಿನುಗುವ ಎಳೆಗಳ ಫ್ಲೈ. ಫ್ಲ್ಯಾಷರ್ ದೂರದಿಂದ ಕರೆಯುತ್ತದೆ, ಗಾಳವಿರುವುದು ಫ್ಲೈಯಲ್ಲಿ. ಕೆಂಪು ಬಣ್ಣ ಕೆಲವೇ ಮೀಟರ್ ಆಳದಲ್ಲಿ ಮಂಕಾಗಿಬಿಡುತ್ತದೆ, ಹಸಿರು ನೀಲಿ ಇನ್ನೂ ಕೆಳಗಿನ ತನಕ ಕಾಣುತ್ತವೆ. ಬೆಳಕು ಹರಿಯುವ ಮುಂಚೆ ಟಾರ್ಚ್ ಹಾಯಿಸಿ ಬಿಟ್ಟರೆ ಕತ್ತಲಲ್ಲೂ ಹೊಳೆಯುವ ಸ್ಪೂನ್‌ಗಳಿವೆ. ಅವುಗಳನ್ನು ಬಳಸಿ, ಚಿನೂಕ್ ಚೆನ್ನಾಗಿ ಕಚ್ಚುವುದು ಮುಂಜಾವದಲ್ಲಿ ಮತ್ತು ಮುಸ್ಸಂಜೆಯಲ್ಲಿ.

ಇಷ್ಟೆಲ್ಲ ಕಲಿಸಿದ ಮೇಲೆ, ಆಗಸ್ಟ್ ಕೊನೆಯಲ್ಲಿ ಈ ನಿಯಮವನ್ನು ಮೀನೇ ಮುರಿಯುತ್ತದೆ ಎಂದು ಹೇಳಬೇಕಾಗಿದೆ. ಚಿನೂಕ್ ಹೊಳೆಯಲ್ಲಿ ಹುಟ್ಟಿ, ಸರೋವರದಲ್ಲಿ ಬೆಳೆದು, ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಬಲಿತು, ಮೊಟ್ಟೆಯಿಡಲು ಹೊಳೆಗೆ ಮರಳಿ, ಅಲ್ಲೇ ಸಾಯುವ ಮೀನು. ಬಲಿತವು ಈ ಹೊತ್ತಿಗೆ ಆಳದ ತಣ್ಣೀರನ್ನು ಬಿಟ್ಟು ಪೇರ್ ಮಾರ್ಕೆಟ್, ಮನಿಸ್ಟೀ ಮುಂತಾದ ನದಿಗಳ ಅಳಿವೆಯ ಮುಂದೆ ಗುಂಪುಗೂಡುತ್ತವೆ. ಅವುಗಳ ಹಸಿವು ತಗ್ಗಿರುತ್ತದೆ, ಬೆಳ್ಳಿಬಣ್ಣ ಕಂದಾಗುತ್ತಿರುತ್ತದೆ. ಒಗ್ಗದ ಬೆಚ್ಚನೆಯ ನೀರಿನಲ್ಲೂ ಮುಂಜಾವಕ್ಕೆ ಮುನ್ನ ದೀಪಸ್ತಂಭದ ಕಟ್ಟೆಯ ತನಕ ಬಂದು, ಬಿಸಿಲೇರುತ್ತಲೇ ಆಳಕ್ಕೆ ಸರಿಯುತ್ತವೆ. ಇವು ಗಾಳಕ್ಕೆ ಬಾಯಿ ಹಾಕುವುದು ಹಸಿವಿಗಿಂತ ಹೆಚ್ಚಾಗಿ ಸಿಟ್ಟಿಗೆ ಎಂದು ಅನುಭವಿಗಳು ನಂಬುತ್ತಾರೆ. ಅದಕ್ಕೇ ಆಗ ದೊಡ್ಡ ಫ್ಲ್ಯಾಷರ್, ಅಬ್ಬರದ ಪ್ಲಗ್ ಎಂಬ ಹುಸಿಮೀನು ಹೊರಗೆ ಬರುತ್ತವೆ. ಎಳೆಯ ಚಿನೂಕ್‌ಗಳಾದರೋ ದೂರದ ತಣ್ಣೀರಿನಲ್ಲೇ ಹಳೆಯ ನಿಯಮ ಪಾಲಿಸಿಕೊಂಡಿರುತ್ತವೆ. ತಿನ್ನಲು ರುಚಿ ಅವೇ. ಬೆಳಕು ಹರಿಯುವ ತನಕ ಅಳಿವೆಯ ಮುಂದೆ, ಆಮೇಲೆ ಆಳಕ್ಕೆ: ಆಗಸ್ಟ್ ಕೊನೆಯ ದಿನಚರಿ ಇದು.

ಮೀನು ಕೈಗೆ ಬಂದ ಮೇಲೆ ಬಾಯಿ ತೆರೆದು ನೋಡಿ. ಒಸಡು ಕಪ್ಪಾಗಿದ್ದರೆ ಚಿನೂಕ್. ನಾಲಗೆ ಕಪ್ಪಾಗಿ ಒಸಡು ಬೆಳ್ಳಗಿದ್ದರೆ ಕೋಹೋ. ಬಳಿಕ ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ, ಕಿರುಬೆರಳ ತುದಿಯಷ್ಟಿರುವ ಮಾಂಸಲ ಈಜುರೆಕ್ಕೆ ಇದೆಯೇ ನೋಡಿ. ಸಾಕಣೆ ಕೇಂದ್ರದಿಂದ ಬಿಡುವ ಚಿನೂಕ್ ಮರಿಗಳ ಆ ರೆಕ್ಕೆಯನ್ನು ಗುರುತಿಗಾಗಿ ಕತ್ತರಿಸಿ, ಮೂತಿಯೊಳಗೆ ಕೂದಲಷ್ಟು ಸಣ್ಣ ತಂತಿಯ ಚೂರನ್ನು ಇಟ್ಟಿರುತ್ತಾರೆ. ರೆಕ್ಕೆ ಇಲ್ಲದ ಮೀನಿನ ತಲೆಯನ್ನು ಎಸೆಯದೆ ಬಂದರಿನ ಸಂಗ್ರಹ ಪೆಟ್ಟಿಗೆಗೆ ಕೊಡಿ. ಅದು ಎಲ್ಲಿ, ಯಾವಾಗ ಬಿಟ್ಟ ಮರಿ ಎಂದು ವಿಜ್ಞಾನಿಗಳು ಓದಬಲ್ಲರು. ಎಷ್ಟು ಮರಿ ಬಿಡಬೇಕೆಂಬ ಲೆಕ್ಕಕ್ಕೆ ಇದು ಬೇಕು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2004ರ ಸುಮಾರಿಗೆ ಏಲ್‌ವೈಫ್ ಕುಸಿದು, ಅದರ ಹಿಂದೆಯೇ ಚಿನೂಕ್ ಕೂಡ ಕುಸಿಯಿತು. ಆ ಭಯದಿಂದ 2013ರಲ್ಲಿ ಮಿಷಿಗನ್ ಸರೋವರಕ್ಕೆ ಬಿಡುವ ಮರಿಗಳನ್ನು ಬಹಳವಾಗಿ ತಗ್ಗಿಸಲಾಯಿತು.

ಅಡುಗೆಗೆ ಒಯ್ಯುವವರು ಚರ್ಮವನ್ನೂ ಹೊಟ್ಟೆಯ, ಬೆನ್ನಿನ ಕೊಬ್ಬನ್ನೂ ತೆಗೆದುಬಿಡಿ. ಹಳೆಯ ಕಾರ್ಖಾನೆಗಳ ಪಿಸಿಬಿ ಎಂಬ ವಿಷ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಯಾವ ಮೀನನ್ನು ತಿಂಗಳಿಗೆ ಎಷ್ಟು ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಪ್ರಕಟಿಸುತ್ತದೆ. ಮಕ್ಕಳು, ಗರ್ಭಿಣಿಯರು ಇರುವ ಮನೆಯವರು ಅದನ್ನು ನೋಡಲೇಬೇಕು.

ಸರೋವರ ಎಂಬ ಹೆಸರಿಗೆ ಮೋಸಹೋಗಬೇಡಿ. ಇದರ ಅಲೆಗಳು ಕಡಲಿನ ಅಲೆಗಳಿಗಿಂತ ಒತ್ತೊತ್ತಾಗಿ ಬರುತ್ತವೆ. 1967ರ ಸೆಪ್ಟೆಂಬರ್ 23ರಂದು, ಕೋಹೋ ಹುಚ್ಚು ಏರಿದ್ದ ದಿನಗಳಲ್ಲಿ, ಸಣ್ಣ ದೋಣಿಗಳಲ್ಲಿ ಪ್ಲ್ಯಾಟ್ ಕೊಲ್ಲಿಗೆ ಇಳಿದಿದ್ದವರ ಮೇಲೆ ಬಿರುಗಾಳಿ ಎರಗಿ ಏಳು ಮಂದಿ ಮುಳುಗಿ ಸತ್ತರು. ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಟಿದ್ದರೆ ಹೋಗಬೇಡಿ, ಮೀನು ಎಷ್ಟೇ ಕಚ್ಚುತ್ತಿರಲಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಲಿ.

ಮೊದಲ ಸಲ ಬಾಡಿಗೆ ಬೋಟಿನಲ್ಲೇ ಹೋಗಿ. ಚಾರ್ಟರ್ ಎನ್ನುವ ಈ ಬೋಟುಗಳು ಸಾಮಾನ್ಯವಾಗಿ ಆರು ಮಂದಿಯನ್ನು ಒಯ್ಯುತ್ತವೆ, ಕ್ಯಾಪ್ಟನ್‌ಗೆ ಅಮೆರಿಕದ ಕೋಸ್ಟ್ ಗಾರ್ಡ್ ಪರವಾನಗಿ ಇರಬೇಕು. ಮಿಷಿಗನ್ ರಾಜ್ಯದಲ್ಲಿ, ನಿಮಗೆ ಹದಿನೇಳು ತುಂಬಿದ್ದರೆ ಮೀನು ಹಿಡಿಯುವ ಪರವಾನಗಿ ನಿಮಗೂ ಬೇಕು. ರೀಲು ತಿರುಗಿಸುವ ಸರದಿಗೆ ಕಾಯುತ್ತ ಹಿಂದೆ ಕೂರಬೇಡಿ. ಚುಕ್ಕಾಣಿಯ ಪಕ್ಕ ನಿಂತು, ಗುಂಡಿನ ಬಳಿ ನೀರು ಎಷ್ಟು ಡಿಗ್ರಿ ಇದೆ ಎಂದು ಕೇಳಿ. ಹೊಸಬರು ಈ ಪ್ರಶ್ನೆ ಕೇಳಿದರೆ ಕ್ಯಾಪ್ಟನ್ ಬೇರೆಯದನ್ನೂ ಹೇಳಿಕೊಡಲು ಮನಸ್ಸು ಮಾಡುತ್ತಾರೆ. ಮೊದಲ ಮೀನು ಕಚ್ಚಿದಾಗ ಆಳ, ಉಷ್ಣತೆ, ವೇಗ, ದೋಣಿಯ ದಿಕ್ಕು ಇವಿಷ್ಟನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಎರಡನೆಯ ಕೋಲನ್ನು ಇಳಿಸಬೇಕಾದದ್ದು ಅದೇ ಆಳಕ್ಕೆ.